ಕೈ ಊರದೆ ಕೂರಬಲ್ಲರೇ?

ಬೆನ್ನುಹುರಿಗೆ ಪೆಟ್ಟಾದವರನ್ನು ಬಳ್ಳಾರಿಯ ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್) ಆಸ್ಪತ್ರೆಗೋ ರಾಯಚೂರಿನ ರಿಮ್ಸ್‌ಗೋ ಕರೆತಂದ ಮನೆಯವರು ಮೊದಲು ಕೇಳುವುದು, "ಮತ್ತ ಓಡ್ಯಾಡ್ತಾನೇನ್ರಿ ಸರ?" ಮರದಿಂದ ಬಿದ್ದವರಿರಲಿ, ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕವರಿರಲಿ, ಪ್ರಶ್ನೆ ಕಾಲಿನದೇ. ಆದರೆ ಮುಂದಿನ ಬದುಕು ಹೇಗಿರುತ್ತದೆ ಎಂಬುದು ಬಹುಮಟ್ಟಿಗೆ ಗೊತ್ತಾಗುವುದು ಕೈ ಊರದೆ ಎಷ್ಟು ಗಟ್ಟಿಯಾಗಿ ಕೂರುತ್ತಾರೆ ಎಂಬುದರಿಂದ. ಕೈಗಳೇ ಊರುಗೋಲಾದರೆ ರೊಟ್ಟಿ ಮುರಿಯುವುದು, ಅಂಗಿ ತೊಡುವುದು, ನಳಿಕೆ ಹಾಕಿ ಮೂತ್ರ ತೆಗೆಯುವುದು ಯಾವುದಕ್ಕೂ ಕೈ ಬಿಡುವಿರುವುದಿಲ್ಲ.

ವೈದ್ಯಲೋಕ ಈ ಲೆಕ್ಕಕ್ಕೆ ಬಂದದ್ದೇ ತಡವಾಗಿ. ಎರಡನೇ ಮಹಾಯುದ್ಧಕ್ಕೆ ಮುಂಚೆ ಇಂಥ ರೋಗಿಗಳಲ್ಲಿ ಹೆಚ್ಚಿನವರು ಹಾಸಿಗೆ ಹುಣ್ಣು, ಮೂತ್ರದ ಸೋಂಕಿನಿಂದ ಬೇಗ ತೀರಿಕೊಳ್ಳುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್ಮನ್ ಎಂಬ ವೈದ್ಯರು ಇಂಥವರನ್ನು ಮಗ್ಗುಲು ಬದಲಿಸಿ ಉಳಿಸಿಕೊಂಡರು, ಕೂರಿಸಿದರು. 1948ರಲ್ಲಿ ವೀಲ್‌ಚೇರಿನಲ್ಲೇ ಬಿಲ್ಲು ಹಿಡಿಸಿದರು. ನಮ್ಮಲ್ಲಿ 1954ರ ಅಪಘಾತದಲ್ಲಿ ಕಾಲಿನ ಬಲ ಕಳೆದುಕೊಂಡ ಡಾ. ಮೇರಿ ವರ್ಗೀಸ್ ವೆಲ್ಲೂರಿನಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು.

ಆದರೂ ಎಷ್ಟು ಗಟ್ಟಿಯಾಗಿ ಕೂರುತ್ತಾರೆ ಎಂಬುದಕ್ಕೆ ಅಳತೆ ಇರಲಿಲ್ಲ. ಕೇಸ್ ಶೀಟಿನಲ್ಲಿ "ಚೆನ್ನಾಗಿದೆ", "ಸಾಧಾರಣ" ಎಂದು ಬರೆದರೆ ಮುಗಿಯಿತು. 1990ರಲ್ಲಿ ಅಮೆರಿಕದ ಪಮೇಲಾ ಡಂಕನ್ ಮತ್ತು ಸಂಗಡಿಗರು ಸಮತೋಲ ತಿಳಿಯಲು, ನಿಂತವರ ಕೈ ಮುಂದಕ್ಕೆ ಎಷ್ಟು ಚಾಚುತ್ತದೆಂದು ಗೋಡೆಯ ಮೇಲಿನ ಅಳತೆಪಟ್ಟಿಯಿಂದ ನೋಡಿದರು. ನಿಲ್ಲಲಾಗದವರಿಗೆ ಇದನ್ನೇ ಕೂತಲ್ಲಿಗೆ ಇಳಿಸಿದ್ದು 1998ರಲ್ಲಿ. ಮತ್ತೆ ಮತ್ತೆ ಅಳೆದರೂ ಅಂಕಿ ಹೆಚ್ಚುಕಡಿಮೆ ಒಂದೇ ಬಂತು. ಬೆನ್ನಿನ ಕೆಳಭಾಗದಲ್ಲಿ ಪೆಟ್ಟಾದವರು ಕುತ್ತಿಗೆಗೆ ಪೆಟ್ಟಾದವರಿಗಿಂತ ದೂರ ಚಾಚಿದರು. ಹೊಟ್ಟೆಯ ಸ್ನಾಯುಗಳಿಗೆ ನರಗಳು ಹೊರಡುವುದು ಎದೆಯ ಕೆಳಭಾಗದಿಂದ. ಅದಕ್ಕಿಂತ ಮೇಲೆ ಹುರಿ ಪೂರ್ತಿ ಕಡಿದರೆ ಆ ಹಿಡಿತ ಹೋಯಿತು. ಆಗ ಕುತ್ತಿಗೆಯಿಂದ ನರ ಪಡೆದು ಸೊಂಟದವರೆಗೆ ಹಬ್ಬಿರುವ ಬೆನ್ನಿನ ಅಗಲ ಸ್ನಾಯುವೇ ಆಸರೆ. ಟೀ ಶರ್ಟ್ ಹಾಕಿ ತೆಗೆಯಲು ಹಿಡಿಯುವ ಸಮಯ ನೋಡುವ ಪರೀಕ್ಷೆ ಆಮೇಲಿನದು; ನನಗೆ ಅದೇ ಹೆಚ್ಚು ಇಷ್ಟ, ಬದುಕಿಗೆ ಹತ್ತಿರದ್ದು.

ಈ ಪರೀಕ್ಷೆಗಳಲ್ಲಿ ರೋಗಿ ಹೆಚ್ಚಾಗಿ ಮಂಚದ ಅಂಚಿನಲ್ಲೋ ಕುರ್ಚಿಯಲ್ಲೋ ಕಾಲು ಇಳಿಬಿಟ್ಟು ಕೂರುತ್ತಾರೆ. ಸಿಂಧನೂರು, ಗಂಗಾವತಿಯ ಹಳ್ಳಿಮನೆಯಲ್ಲಿ ಕೂರುವುದು ನೆಲದ ಮೇಲೆ. ಕಾಲು ನೀಡಿ ಕೂತರೆ ತೊಡೆಯ ಹಿಂದಿನ ಸ್ನಾಯುಗಳ ಬಿಗಿತವೇ ಸೊಂಟವನ್ನು ಹಿಡಿದಿಡುತ್ತದೆ. ಅದಕ್ಕೇ ಅನುಭವಿ ಫಿಸಿಯೋಥೆರಪಿಸ್ಟ್‌ಗಳು ಅವನ್ನು ಅತಿಯಾಗಿ ಎಳೆಯುವುದಿಲ್ಲ. ಮಂಚದ ಅಂಚಿನಲ್ಲಿ ಓಲಾಡುವವರು ಚಾಪೆಯ ಮೇಲೆ ಗಟ್ಟಿಯಾಗಿ ಕೂತಾರು. ಹಾಗಾಗಿ ಎರಡನ್ನೂ ಅಳೆಯಬೇಕು. ಖರ್ಚೇನು? ದರ್ಜಿಯ ಟೇಪು ಸಾಕು. ಬೀಳುವ ಭಯವಿರುವುದರಿಂದ ಪಕ್ಕದಲ್ಲೊಬ್ಬರು ನಿಂತಿರಬೇಕು, ಚಾಚುವಾಗ ಇನ್ನೊಂದು ಕೈ ಊರಬಾರದು. ಬಂದ ಸೆಂಟಿಮೀಟರನ್ನು, ಹೇಗೆ ಕೂತಿದ್ದರೆಂಬುದನ್ನೂ ಸೇರಿಸಿ, ಡಿಸ್ಚಾರ್ಜ್ ಕಾರ್ಡಿನಲ್ಲಿ ತಾರೀಖು ಹಾಕಿ ಬರೆದರೆ ತಾಲ್ಲೂಕು ಆಸ್ಪತ್ರೆಯವರು ಮುಂದಿನ ಸಲ ಅಲ್ಲಿಂದಲೇ ಶುರುಮಾಡಬಹುದು.