ಮಾತು ಬಾರದವರ ನೋವು ನರ್ಸ್‌ಗೆ ತಿಳಿಯುವುದು ಹೇಗೆ?

ಪ್ರಶ್ನೆ: ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಆಸ್ಪತ್ರೆ ವಾರ್ಡಿನಲ್ಲಿದ್ದೆ. ಈಗ ದಾವಣಗೆರೆಯಲ್ಲಿ ಬುದ್ಧಿಮಾಂದ್ಯ ವಯಸ್ಕರ ವಸತಿ ಕೇಂದ್ರದಲ್ಲಿ ಕೆಲಸ ಸಿಕ್ಕಿದೆ. ಹಲವರಿಗೆ ಮಾತೇ ಬರಲ್ಲ. ಎಲ್ಲಿ ನೋವು ಅಂತ ಹೇಗೆ ತಿಳಿಯೋದು?

ಉತ್ತರ: ವಾರ್ಡಿನಲ್ಲಿ ರೋಗಿ ನಾಲ್ಕು ದಿನ ಇದ್ದು ಹೋಗುತ್ತಾರೆ. ಇಲ್ಲಿ ಅದೇ ಜನ ವರ್ಷಗಟ್ಟಲೆ ಇರುತ್ತಾರೆ. ಹಾಗಾಗಿ ಮೊದಲ ಕೆಲಸ, ಒಬ್ಬೊಬ್ಬರ ಮಾಮೂಲಿ ದಿನ ಹೇಗಿರುತ್ತದೆ ಎಂದು ಬರೆದಿಡುವುದು. ಎಷ್ಟು ಉಣ್ಣುತ್ತಾರೆ, ಹೇಗೆ ಮಲಗುತ್ತಾರೆ, ಖುಷಿಯಾದರೆ ಏನು ಸದ್ದು ಮಾಡುತ್ತಾರೆ. ಹಳೇ ಆಯಾಗಳನ್ನು ಕೇಳಿ. ‘ಯಾಕೋ ಇವತ್ತು ಸರಿಯಿಲ್ಲ ಸಿಸ್ಟರ್’ ಅಂತ ಅವರು ಅಂದರೆ ಥರ್ಮಾಮೀಟರಿನಷ್ಟೇ ನಂಬಿ.

ಸುಮ್ನೆ ಇದ್ದವರು ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಂಡರೆ ‘ಅವರು ಇರೋದೇ ಹಾಗೆ’ ಅಂದುಬಿಡುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ. ನಿದ್ದೆ ಮಾತ್ರೆಯ ಮಾತು ಬರುವ ಮೊದಲು ಹಲ್ಲು, ಕಿವಿ, ಹೊಟ್ಟೆ ನೋಡಿ. ಉರಿಮೂತ್ರ ಇದೆಯಾ ನೋಡಿ. ಮಲಬದ್ಧತೆಯನ್ನಂತೂ ಹಗುರವಾಗಿ ತಗೋಬೇಡಿ. ಓಡಾಟ ಕಡಿಮೆ, ನೀರು ಕಡಿಮೆ, ಜೊತೆಗೆ ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳೂ ಮಲ ಕಟ್ಟಿಸುತ್ತವೆ. ಕರುಳು ಕಟ್ಟಿಕೊಂಡರೆ ಜೀವಕ್ಕೇ ಅಪಾಯ. ಯಾರಿಗೆ ಯಾವತ್ತು ಮಲ ಹೋಯಿತು ಅಂತ ದಿನವೂ ಬರೆಯಿರಿ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ, ಕೇಳಿ ಕುಡಿಯಲು ಬಾರದವರಿಗೆ ನೀವೇ ನೆನಪಿಟ್ಟು ನೀರು ಕುಡಿಸಬೇಕು.

ಊಟದ ಹೊತ್ತಿನಲ್ಲೂ ಕಣ್ಣಿರಲಿ. ನೆಟ್ಟಗೆ ಕೂರಿಸಿ ತಿನ್ನಿಸಿ, ಆಮೇಲೆ ಅರ್ಧ ಗಂಟೆ ಮಲಗಿಸಬೇಡಿ. ತುತ್ತಿಗೊಮ್ಮೆ ಕೆಮ್ಮು, ಗೊರಗೊರ ದನಿ, ಮತ್ತೆ ಮತ್ತೆ ನ್ಯುಮೋನಿಯಾ ಇದ್ದರೆ ಅನ್ನ ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು. ವೈದ್ಯರಿಗೂ, ನುಂಗುವ ತೊಂದರೆಯನ್ನೂ ನೋಡುವ ಸ್ಪೀಚ್ ಥೆರಪಿಸ್ಟ್‌ಗೂ ತೋರಿಸಿ. ಕೇಂದ್ರ ಸರ್ಕಾರದ ಸಿಆರ್‌ಸಿ (ಅಂಗವಿಕಲರ ಪುನರ್ವಸತಿ ಕೇಂದ್ರ) ದಾವಣಗೆರೆಯಲ್ಲೇ ಇದೆ, ಅಲ್ಲಿ ವಿಚಾರಿಸಿ. ಮನೆಯವರು ಪ್ರೀತಿಯಿಂದ ಮಂಡಕ್ಕಿ ತರುತ್ತಾರೆ, ದಾವಣಗೆರೆ ಅಲ್ವಾ! ನುಂಗಲು ಕಷ್ಟವಿರುವವರಿಗೆ ಒಣ ಮಂಡಕ್ಕಿ ಬೇಡವೇ ಬೇಡ.

ಮೂರ್ಛೆ ಬಂದರೆ ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ. ಕೈಗೆ ಕೀಲಿಗೊಂಚಲು ಬೇಡ, ಬಾಯಿಗೆ ಏನೂ ಬೇಡ. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. 35 ವರ್ಷದವರನ್ನು ‘ಪಾಪು’ ಅನ್ನಬೇಡಿ. ಅಣ್ಣ, ಅಕ್ಕ ಅನ್ನಿ. ಸ್ನಾನ ಮಾಡಿಸುವಾಗ ಬಾಗಿಲು ಹಾಕಿ.

ಸೇರಿದ ವಾರವೇ ಕಡತಗಳನ್ನೂ ತೆಗೆಸಿ. ಬುದ್ಧಿಮಾಂದ್ಯರಂಥವರಿಗಾಗಿ ಇರುವ ಕೇಂದ್ರ ಸರ್ಕಾರದ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ವೆಚ್ಚ ಸಿಗುತ್ತದೆ. ಯಾರ ಕಾರ್ಡು ನವೀಕರಣವಾಗಿಲ್ಲವೋ ಪಟ್ಟಿ ಮಾಡಿ ಮೇಲಿನವರಿಗೆ ಕೊಡಿ.