ಒಂದು ಪದ ಎದೆಗಿಳಿಯುವ ದಾರಿ

ಗಡ್ಡೆಯ ಚೂರನ್ನು ಪರೀಕ್ಷೆಗೆ ಕಳಿಸಿ ಕಾಯುತ್ತಿರುವ ವ್ಯಕ್ತಿಯೊಬ್ಬರನ್ನು ಊಹಿಸಿಕೊಳ್ಳಿ. ಸೋಮವಾರ ಬೆಳಿಗ್ಗೆ ವೈದ್ಯರು ವರದಿ ನೋಡಿ ‘ಕ್ಯಾನ್ಸರ್’ ಎನ್ನುತ್ತಾರೆ. ಭಾನುವಾರ ರಾತ್ರಿಗೂ ಸೋಮವಾರ ಮಧ್ಯಾಹ್ನಕ್ಕೂ ನಡುವೆ ಗಡ್ಡೆ ಹೇಳಿಕೊಳ್ಳುವಷ್ಟೇನೂ ಬೆಳೆದಿರುವುದಿಲ್ಲ. ಬದಲಾದದ್ದು ಒಂದೇ: ವಿಷಯ ಗೊತ್ತಾಗಿದೆ. ಸ್ವೀಡನ್ನಿನಲ್ಲಿ 60 ಲಕ್ಷಕ್ಕೂ ಹೆಚ್ಚು ಜನರ ಆರೋಗ್ಯ ದಾಖಲೆಗಳನ್ನು ಜಾಲಾಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಾಗೆ ಗೊತ್ತಾದ ಮೊದಲ ವಾರದಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ ಕ್ಯಾನ್ಸರ್ ಇಲ್ಲದವರಿಗಿಂತ 5.6 ಪಟ್ಟು ಹೆಚ್ಚು. ವಾರಗಳು ಕಳೆದಂತೆ ಅದು ಇಳಿಯುತ್ತದೆ. ಕ್ಯಾನ್ಸರ್ ತಾನೇ ರಕ್ತ ಹೆಪ್ಪುಗಟ್ಟಿಸಬಲ್ಲದು, ನಿಜ. ಆದರೆ ದೋಷವೆಲ್ಲ ಗಡ್ಡೆಯದೇ ಆಗಿದ್ದರೆ ಅಪಾಯ ಮೊದಲ ವಾರವೇ ತುದಿ ಮುಟ್ಟಿ ಹೀಗೆ ಇಳಿಯಬೇಕಿರಲಿಲ್ಲ.

ಕಿವಿಗೆ ಬಿದ್ದ ಪದ ಎದೆಗೆ ಇಳಿಯುವುದು ಹೇಗೆ? ಹಾರ್ವರ್ಡ್‌ನ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ ಈ ದಾರಿಯ ಬೆನ್ನುಹತ್ತಿದವರು. ಅಪಾಯ ಕಂಡ ಪ್ರಾಣಿ ಹೋರಾಡಲು ಇಲ್ಲವೇ ಓಡಲು ಸಜ್ಜಾಗುವ ಬಗೆಯನ್ನು ವಿವರಿಸಿ ಹೆಸರಾದವರೂ ಅವರೇ. 1942ರಲ್ಲಿ ಅವರೊಂದು ವಿಚಿತ್ರ ಪ್ರಬಂಧ ಬರೆದರು. ಗಟ್ಟಿಮುಟ್ಟಾದ ಆಳು, ತನಗೆ ಯಾರೋ ಶಾಪ ಹಾಕಿದರೆಂದು ತಿಳಿದು, ಅನ್ನ ನೀರು ಬಿಟ್ಟು ಕೆಲವೇ ದಿನಗಳಲ್ಲಿ ತೀರಿಕೊಂಡ ಎಂಬಂಥ ವರದಿಗಳನ್ನು ಹಲವು ಖಂಡಗಳಿಂದ ಒಟ್ಟುಹಾಕಿ, ಕೊಂದದ್ದು ಶಾಪವಲ್ಲ, ಬಿಡುವಿಲ್ಲದೆ ಕೆರಳಿದ ನರಮಂಡಲ ಎಂದರು. ಈ ಪ್ರಬಂಧವನ್ನೇ ಮುಂದಿಟ್ಟು ‘ಮಾಟಕ್ಕೆ ವಿಜ್ಞಾನವೇ ಸಾಕ್ಷಿ’ ಎನ್ನುವವರನ್ನು ಕಂಡರೆ ನನಗೆ ರೇಗುತ್ತದೆ. ಪುಣ್ಯಾತ್ಮರು ಅದನ್ನು ಓದಿರುವುದಿಲ್ಲ. ಕ್ಯಾನನ್ ವಾದದಂತೆ, ಶಾಪದ ಸುದ್ದಿಯೇ ಮುಟ್ಟದವನಿಗೆ ಏನೂ ಆಗಬಾರದು. ಮೇಲಾಗಿ ಅವರ ಕೈಯಲ್ಲಿದ್ದುದು ಬೇರೆಯವರು ಹೇಳಿದ, ಬರೆದ ಸಂಗತಿಗಳು; ತಾವೇ ಕಂಡ ಸಾವುಗಳಲ್ಲ.

ಭಯ ಹುಟ್ಟುವುದು ಮೆದುಳಿನಲ್ಲಾದರೂ ಅದರ ಕೂಲಿಯಾಳುಗಳು ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಗಳು. ಅವು ಅಡ್ರಿನಲಿನ್ ಸುರಿಸಿದ ಕೂಡಲೇ ಎದೆಬಡಿತ ಏರುತ್ತದೆ, ರಕ್ತದೊತ್ತಡ ಜಿಗಿಯುತ್ತದೆ, ಯಕೃತ್ತು ಸಕ್ಕರೆ ಬಿಡುತ್ತದೆ, ರಕ್ತ ಬೇಗ ಹೆಪ್ಪುಗಟ್ಟಲು ಅಣಿಯಾಗುತ್ತದೆ. ಹುಲಿ ಅಟ್ಟಿಸಿಕೊಂಡು ಬಂದಾಗ ಇದೆಲ್ಲ ವರವೇ. ಓಡಿ ಪಾರಾದರೆ ಲೆಕ್ಕ ಚುಕ್ತಾ. ವರದಿಯ ಹಾಳೆಯಿಂದ ಓಡುವುದಾದರೂ ಎಲ್ಲಿಗೆ? ಹೆದೆಯೇರಿಸಿ ಎಳೆದ ಬಿಲ್ಲನ್ನು ಬಾಣ ಬಿಡದೆ ಹಿಡಿದೇ ನಿಂತ ಸ್ಥಿತಿ ಅದು. ಅಥವಾ ನಿಂತಲ್ಲೇ ನಿಂತ ಲಾರಿಯ ಎಂಜಿನ್ನನ್ನು ರಾತ್ರಿಯಿಡೀ ರೇಸ್ ಮಾಡಿದಂತೆ: ಲಾರಿ ಒಂದಡಿ ಕದಲುವುದಿಲ್ಲ, ಎಂಜಿನ್ ಮಾತ್ರ ಕಾದು ಕೆಂಡವಾಗುತ್ತದೆ. ಇದೂ ಸಾಲದಿದ್ದರೆ, ವಾಲ್ವ್ ಮುಚ್ಚಿಟ್ಟು ಪಂಪ್ ಚಾಲೂ ಮಾಡಿದ ಪೈಪನ್ನು ನೆನೆಯಿರಿ. ಎಲ್ಲಿ ಕೀಲು ಸಡಿಲವೋ ಅಲ್ಲಿ ಸೋರುತ್ತದೆ. ರಕ್ತನಾಳದ ಒಳಗೋಡೆಗೆ ಮೊದಲೇ ಕೊಬ್ಬು ಕಟ್ಟಿದವರಿಗೆ ಸಡಿಲ ಕೀಲು ಅಲ್ಲೇ.

ರಕ್ತನಾಳ ಚೊಕ್ಕಟವಾಗಿದ್ದವರೂ ಒಮ್ಮೊಮ್ಮೆ ಪಾರಾಗುವುದಿಲ್ಲ. ‘ಎದೆ ಒಡೆದುಹೋಯಿತು’ ಎನ್ನುತ್ತೇವಲ್ಲ, ಅದಕ್ಕೊಂದು ಚಿತ್ರವೇ ಇದೆ. ಆಘಾತಕಾರಿ ಸುದ್ದಿ ಕೇಳಿದವರು ಎದೆನೋವೆಂದು ಆಸ್ಪತ್ರೆಗೆ ಬರುತ್ತಾರೆ. ಇಸಿಜಿ ಹೃದಯಾಘಾತದಂತೆಯೇ ಕಾಣುತ್ತದೆ. ಆಂಜಿಯೋಗ್ರಾಮ್ ಮಾಡಿದರೆ ಎಲ್ಲೂ ಅಡ್ಡಿಯಿಲ್ಲ. ಆದರೆ ಹೃದಯದ ಎಡ ಹೃತ್ಕುಕ್ಷಿಯ, ಎಂದರೆ ಮೈಗೆಲ್ಲ ರಕ್ತ ದೂಡುವ ಕೋಣೆಯ, ಕೆಳತುದಿ ಕುಗ್ಗುವುದನ್ನೇ ಮರೆತು ಬಲೂನಿನಂತೆ ಉಬ್ಬಿ ನಿಂತಿರುತ್ತದೆ. 1990ರಲ್ಲಿ ಇದನ್ನು ವಿವರಿಸಿದ ಜಪಾನಿನ ವೈದ್ಯರಿಗೆ ಆ ಆಕಾರ ಆಕ್ಟೋಪಸ್ ಹಿಡಿಯಲು ಬಳಸುವ, ಕತ್ತು ಕಿರಿದಾದ ಮಡಕೆಯಂತೆ ಕಂಡಿತು. ಹಾಗಾಗಿ ‘ಟಾಕೊತ್ಸುಬೊ’ ಎಂಬ ಹೆಸರು. ಹೆಚ್ಚಾಗಿ ಕಾಡುವುದು ಮುಟ್ಟು ನಿಂತ ಮಹಿಳೆಯರನ್ನು. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಹೃದಯ ಮೊದಲಿನ ಆಕಾರಕ್ಕೆ ಮರಳುತ್ತದೆ.

ಕ್ಯಾನನ್‌ಗೆ ಎದುರು ಸಾಕ್ಷಿ ಹೇಳಿದವರು ಅಮೆರಿಕದ ವಿಜ್ಞಾನಿ ಕರ್ಟ್ ರಿಕ್ಟರ್. 1957ರಲ್ಲಿ ಪ್ರಕಟವಾದ ಅವರ ಪ್ರಯೋಗ ಕ್ರೂರವಾದದ್ದು. ನೀರು ತುಂಬಿದ ನುಣುಪು ಜಾಡಿಗೆ ಬಿಟ್ಟ ಸಾಕು ಇಲಿಗಳಲ್ಲಿ ಹಲವು ದಿನಗಟ್ಟಲೆ ಈಜಿದವು. ಅವಕ್ಕಿಂತ ಎಷ್ಟೋ ಚುರುಕಾದ, ಬಲೆಯಿಂದ ಹಿಡಿದು ತಂದ ಕಾಡು ಇಲಿಗಳು ಕೆಲವೇ ನಿಮಿಷಗಳಲ್ಲಿ ಸತ್ತವು. ಎದೆಬಡಿತ ಏರಿ ಅಲ್ಲ, ಇಳಿದು ಇಳಿದು ನಿಂತು. ಇದು ಹತಾಶೆಯ ಸಾವು ಎಂದರು ರಿಕ್ಟರ್. ನೀರಿಗೆ ಮುಳುಗಿದ ಪ್ರಾಣಿಯ ಎದೆಬಡಿತ ಹೇಗೂ ತಗ್ಗುತ್ತದೆ ಎಂಬ ತಕರಾರೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ.

ಇದೆಲ್ಲ ಸಾವು ಎದುರಿಗೇ ನಿಂತಾಗಿನ ಮಾತು. ಸುಮ್ಮನೆ ನೆನಪಾಗಿ ಮರೆಯಾಗುವ ಸಾವು ಮನಸ್ಸನ್ನು ಬೇರೆಯೇ ರೀತಿ ಆಡಿಸುತ್ತದೆ. 2004ರ ಒಂದು ಪ್ರಯೋಗದಲ್ಲಿ ಸಾವಿನ ಬಗ್ಗೆ ಯೋಚಿಸಿದ ಕೂಡಲೇ ಜನರಿಗೆ ಸನ್‌ಸ್ಕ್ರೀನ್ ಮೇಲೆ ಆಸಕ್ತಿ ಹೆಚ್ಚಿತು. ಸ್ವಲ್ಪ ಹೊತ್ತು ಗಮನ ಬೇರೆಡೆ ಸೆಳೆದು ಕೇಳಿದಾಗ, ಬಿಸಿಲಿಗೆ ಮೈಯೊಡ್ಡಿ ಪಡೆದ ಕಂದು ಮೈಬಣ್ಣವೇ ಚೆಲುವು ಎಂದುಕೊಂಡಿದ್ದವರಲ್ಲಿ ಆಸಕ್ತಿ ತಗ್ಗಿತು! ಸಾವಿನಿಂದ ತಪ್ಪಿಸಿಕೊಳ್ಳಲು ಮೊದಲು ಚರ್ಮ ಕಾಯ್ದರು, ಆಮೇಲೆ ಚೆಂದ ಕಾಯ್ದರು. ಈ ಬಗೆಯ ಪ್ರಯೋಗಗಳ ಮೇಲೆ ನನಗೆ ಪೂರ್ತಿ ಭರವಸೆಯಿಲ್ಲ. ಹಲವು ಪ್ರಯೋಗಾಲಯಗಳು ಸೇರಿ ಇವುಗಳಲ್ಲಿ ಹೆಸರಾಂತ ಒಂದನ್ನು ಮತ್ತೆ ಮಾಡಿದಾಗ ನಿರೀಕ್ಷಿಸಿದ ಪರಿಣಾಮ ಕಾಣಲಿಲ್ಲ.

ಹಾಗಾದರೆ ರೋಗಿಗೆ ಹೇಳದಿರುವುದೇ ಕ್ಷೇಮವಲ್ಲವೇ? ಸಾವಿನ ಮಾತೆತ್ತಿದರೆ ‘ಬಿಡ್ತು ಅನ್ನು’ ಎಂದು ಬಾಯಿ ಮುಚ್ಚಿಸುವವರು ಕೇಳುವುದು ಇದನ್ನೇ. ಬಾಸ್ಟನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೊದಲಿನಿಂದಲೇ ಉಪಶಮನ ಆರೈಕೆ ಕೊಟ್ಟರು: ನೋವು, ಉಬ್ಬಸಕ್ಕೆ ಪರಿಹಾರ, ಜೊತೆಗೆ ಮುಂದೇನು ಎಂಬ ಮುಚ್ಚುಮರೆಯಿಲ್ಲದ ಮಾತುಕತೆ. 2010ರಲ್ಲಿ ಬಂದ ಫಲಿತಾಂಶದಲ್ಲಿ ಈ ಗುಂಪಿನಲ್ಲಿ ಖಿನ್ನತೆ ಕಡಿಮೆ. ಕೊನೆಗಾಲದ ಕಠಿಣ ಚಿಕಿತ್ಸೆಯೂ ಕಡಿಮೆ. ಆದರೂ ಬದುಕಿದ ಅವಧಿಯ ಮಧ್ಯಾಂಕ (ಗುಂಪಿನ ಅರ್ಧದಷ್ಟು ಜನ ದಾಟಿದ ಅವಧಿ) 11.6 ತಿಂಗಳು, ಇನ್ನೊಂದು ಗುಂಪಿನದು 8.9. ಮಾತೊಂದೇ ಆಯುಷ್ಯ ಬೆಳೆಸಿತು ಎನ್ನಲಾರೆ. ಮಾತಾಡಿದ್ದರಿಂದ ಬೇಗ ಸತ್ತರು ಎಂದಂತೂ ಯಾರೂ ಹೇಳುವಂತಿಲ್ಲ.

ರಿಕ್ಟರ್ ಇಲಿಗಳ ಕಥೆಯನ್ನು ಅರ್ಧಕ್ಕೇ ಬಿಟ್ಟಿದ್ದೆ. ಅವರು ಇನ್ನಷ್ಟು ಕಾಡು ಇಲಿಗಳನ್ನು ತಂದು, ಒಂದಿಷ್ಟು ಹೊತ್ತು ಕೈಯಲ್ಲಿ ಹಿಡಿದು ಬಿಟ್ಟರು. ಕೆಲವು ನಿಮಿಷ ನೀರಿಗಿಳಿಸಿ ಎತ್ತಿಕೊಂಡರು. ಹೀಗೆ ಹಲವು ಸಲ. ಆಮೇಲೆ ಅದೇ ಜಾಡಿ, ಅದೇ ನೀರು. ಈ ಸಲ ಅವು ಸಾಕು ಇಲಿಗಳಷ್ಟೇ ಹೊತ್ತು ಈಜಿದವು.