ಆರ್‌ವಿ ಕೊಳ್ಳುವಾಗ ಹಾಸಿಗೆ ಎಣಿಸಬೇಡಿ

"ಇದರಲ್ಲಿ ಎಷ್ಟು ಜನ ಮಲಗಬಹುದು?" ಅಮೆರಿಕದಲ್ಲಿ ಆರ್‌ವಿ, ಅಂದರೆ ಮಲಗಲು, ಅಡುಗೆ ಮಾಡಲು ಜಾಗ ಇರುವ ಪ್ರವಾಸದ ಗಾಡಿ, ಕೊಳ್ಳಲು ಹೊರಟ ನಮ್ಮ ಕನ್ನಡದವರು ಮೊದಲು ಕೇಳುವುದು ಇದನ್ನೇ. ಹಳೇ ಆರ್‌ವಿಗಳ ತಪಾಸಣೆ ನನ್ನ ಕಸುಬು. ನಾನು ತಿರುಗಿ ಕೇಳುವುದು ಬೇರೆ: ಗಾಡಿ ಓಡುವಾಗ ಎಷ್ಟು ಜನ ಕೂರಬೇಕು?

ಎರಡೂ ಒಂದೇ ಲೆಕ್ಕ ಅಲ್ಲ. ಡ್ರೈವರ್ ತಲೆಯ ಮೇಲೆ ಅಟ್ಟದಂತೆ ಹಾಸಿಗೆ ಇರುತ್ತದಲ್ಲ, ಅದು ಕ್ಲಾಸ್ ಸಿ. ಎಂಟು ಜನ ಮಲಗಬಹುದು ಅಂತ ಜಾಹೀರಾತಿನಲ್ಲಿ ಇರುತ್ತದೆ. ಒಳಗೆ ಹೋಗಿ ಸೀಟ್ ಬೆಲ್ಟ್ ಎಣಿಸಿದರೆ ಎಷ್ಟೋ ಸಲ ಐದೋ ಆರೋ ಸಿಗುತ್ತವೆ. ಊರಿಂದ ಬಂದ ಅಪ್ಪ ಅಮ್ಮನಿಗೆ ಮಂಡಿ ನೋವಿದ್ದರೆ ಆ ಅಟ್ಟ ಹತ್ತುವ ಮಾತೇ ಇಲ್ಲ, ಅದು ಮಕ್ಕಳಿಗೆ ಬಿಟ್ಟಿದ್ದು. ಬೇರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಆದರೆ, ಓಡುವಾಗ ಅದರಲ್ಲಿ ಕೂರಲು ಹಲವು ರಾಜ್ಯಗಳಲ್ಲಿ ಕಾನೂನೇ ಬಿಡುವುದಿಲ್ಲ. ಬಿಡುವ ಕಡೆಯೂ ನಾನು ಬೇಡ ಅಂತಲೇ ಹೇಳುತ್ತೇನೆ.

ಆಮೇಲೆ ತೂಕ. ಜನ ಜಾಸ್ತಿ ಎಡವುವುದು ಇಲ್ಲೇ. "ನಮ್ಮ ಪಿಕಪ್ 10,000 ಪೌಂಡ್ ಎಳೆಯುತ್ತೆ ಸಾರ್" ಅನ್ನುತ್ತಾರೆ. ಎಳೆಯಬಹುದು. ಆದರೆ ಡ್ರೈವರ್ ಬಾಗಿಲು ತೆಗೆದು ಅಲ್ಲಿರುವ ಹಳದಿ-ಬಿಳಿ ಸ್ಟಿಕರ್ ಓದಿ. ಜನ, ಸಾಮಾನು ಎಲ್ಲ ಸೇರಿ ಇಷ್ಟೇ ಹೊರಬೇಕು ಅಂತ ಇರುತ್ತದೆ. 1,500 ಪೌಂಡ್ ಇದೆ ಅನ್ನಿ. ಟ್ರೇಲರ್‌ನ ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಭಾಗ ಪಿಕಪ್‌ನ ಕೊಕ್ಕೆಯ ಮೇಲೆ ಕೂರುತ್ತದೆ. 7,000 ಪೌಂಡ್ ಟ್ರೇಲರ್‌ಗೆ ಅದು ಹೆಚ್ಚೆಂದರೆ 1,050 ಪೌಂಡ್. ಉಳಿದಿದ್ದು 450. ತಲಾ 150 ಪೌಂಡ್‌ನ ನಾಲ್ಕು ಜನ ಹತ್ತಿದರೆ ಮುಗೀತು, ಮಿತಿ ದಾಟಿತು. ಇನ್ನೂ ಕುಕ್ಕರ್, ಅಕ್ಕಿ, ಮಕ್ಕಳ ಸೈಕಲ್ ಲೆಕ್ಕಕ್ಕೇ ಬಂದಿಲ್ಲ.

ತನ್ನದೇ ಎಂಜಿನ್ ಇರುವ ಆರ್‌ವಿ, ಅಂದರೆ ಮೋಟರ್‌ಹೋಮ್ ಒಳಗೂ ಇಂಥದ್ದೇ ಒಂದು ಸ್ಟಿಕರ್ ಇರುತ್ತದೆ. 40 ಗ್ಯಾಲನ್ ನೀರು ತುಂಬಿಸಿದರೆ ಅದೇ ಸುಮಾರು 334 ಪೌಂಡ್. ಕ್ಯಾಂಪ್‌ನಲ್ಲಿ ನಲ್ಲಿ ಇದ್ದರೆ ಸುಮ್ನೆ ಯಾಕೆ ಹೊತ್ತುಕೊಂಡು ಹೋಗಬೇಕು?

ಎಲ್ಲಿಗೆ ಹೋಗುತ್ತೀರಿ ಅನ್ನುವುದೂ ಮುಖ್ಯ. ಮೊಂಟಾನಾದ ಗ್ಲೇಸಿಯರ್ ಪಾರ್ಕ್‌ನಲ್ಲಿ ಗೋಯಿಂಗ್-ಟು-ದ-ಸನ್ ಅನ್ನುವ ಬೆಟ್ಟದ ರಸ್ತೆ ಇದೆ. ಅದರಲ್ಲಿ ಅವಲಾಂಚ್ ಅನ್ನುವ ಜಾಗದಿಂದ ರೈಸಿಂಗ್ ಸನ್ ಅನ್ನುವ ಜಾಗದ ತನಕ, ಬಂಪರ್ ಸೇರಿ 21 ಅಡಿಗಿಂತ ಉದ್ದದ ಗಾಡಿ ಬಿಡುವುದಿಲ್ಲ. ಕನ್ನಡಿ ಸೇರಿ ಅಗಲ 8 ಅಡಿ ದಾಟುವಂತಿಲ್ಲ. ಕ್ಲಾಸ್ ಸಿ ಬಹುಪಾಲು ಅಲ್ಲೇ ನಿಂತವು. ವ್ಯಾನ್ ಒಳಗೇ ಮನೆ ಕಟ್ಟಿದ ಕ್ಲಾಸ್ ಬಿಗಳಲ್ಲೂ ಕೆಲವಕ್ಕೆ ಮಾತ್ರ ಪ್ರವೇಶ. ಟ್ರೇಲರ್‌ನವರು ಅದನ್ನು ಕ್ಯಾಂಪ್‌ನಲ್ಲಿ ಕಳಚಿಟ್ಟು ಪಿಕಪ್‌ನಲ್ಲಿ ಆರಾಮಾಗಿ ಹೋಗಿಬರುತ್ತಾರೆ. ಒಂದೇ ಕಡೆ ನಾಲ್ಕೈದು ದಿನ ನಿಂತು ಸುತ್ತುವವರಿಗೆ ಟ್ರೇಲರ್ ಒಳ್ಳೆಯದು ಅನ್ನಲು ಇದೇ ಕಾರಣ. ದಿನಾ ಊರು ಬದಲಿಸುವವರಿಗೆ ಕಟ್ಟಿ ಬಿಚ್ಚುವುದೇ ಕೆಲಸವಾಗುತ್ತದೆ.

ಕ್ಲಾಸ್ ಬಿ ಓಡಿಸಲು ಹಗುರ, ಗಂಡ-ಹೆಂಡತಿ ಇಬ್ಬರಿಗೆ ಸಾಕು. ಬೆಳಗ್ಗೆ ಹಾಕಿದ ಒಗ್ಗರಣೆ ರಾತ್ರಿ ದಿಂಬಿನಲ್ಲೂ ಇರುತ್ತದೆ, ಅಷ್ಟೆ. ಬಸ್ಸಿನಷ್ಟು ದೊಡ್ಡ ಕ್ಲಾಸ್ ಎ ನಿವೃತ್ತರಾಗಿ ತಿಂಗಳುಗಟ್ಟಲೆ ತಿರುಗುವವರಿಗೆ ಸರಿ. ವರ್ಷಕ್ಕೆ ಎರಡು ಲಾಂಗ್ ವೀಕೆಂಡ್ ಹೋಗುವವರು ಯಾವುದನ್ನೂ ಕೊಳ್ಳದೆ, ಬೆಲ್ಟ್ ಎಣಿಸಿ ಒಂದು ಕ್ಲಾಸ್ ಸಿ ಬಾಡಿಗೆಗೆ ತನ್ನಿ.